ಚಾಪೆಯ ಮೇಲೆ ಕೂತವರಿಗೆ ಮಿಠಾಯಿ

ಸರಗೂರು
12-8-1997

ಅಕ್ಕಾ, ನಮಸ್ಕಾರ.

ನನ್ನ ಜ್ವರ ಇಳಿಯಿತು, ಸಿಟ್ಟು ಇಳಿದಿಲ್ಲ. ಮಾತು ಬಾರದ, ಒಂದು ಕಡೆ ನಿಲ್ಲದ ಏಳು ವರ್ಷದ ಮಾದೇವಿಗೆ ಚಾಪೆಯ ಮೇಲೆ ಕೂರುವುದನ್ನು ಕಲಿಸುತ್ತಿದ್ದೇನೆ. ನನ್ನ ಪಿಎಚ್.ಡಿ. ನಿಂತಿರುವುದೇ ಅವಳು ಕೂರುವುದರ ಮೇಲೆ. ಕೂತರೆ ಒಂದು ಚೂರು ಕಡಲೆಮಿಠಾಯಿ, ಎದ್ದರೆ ಇಲ್ಲ, ಇಷ್ಟೇ ಚಿಕಿತ್ಸೆ. ಆದರೆ ಅವಳ ಅಜ್ಜಿ ತಿಮ್ಮಮ್ಮ ಬಿಡಬೇಕಲ್ಲ! ಮಗು ಓಡಾಡುತ್ತಿದ್ದರೂ ಹಿಂದಿನಿಂದ ಬಂದು ಬಾಯಿಗೆ ಮಿಠಾಯಿ ತುರುಕುತ್ತಾರೆ. ಹದಿನೈದು ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸೋಮವಾರ ನನ್ನ ಗೈಡು ಮೈಸೂರಿನಿಂದ ನೋಡಲು ಬರುತ್ತಾರೆ.

ಇವತ್ತು ತಾಳ್ಮೆ ಕೆಟ್ಟು ಅಜ್ಜಿಯ ಮೇಲೆ ಕೂಗಾಡಿದೆ. "ತಿನ್ನೋದ ಕಣ್ಮುಂದೆ ಇಕ್ಕಂಡು ಮಗೀಗೆ ಕೊಡ್ದೆ ಇರಾದಾ ಮೇಡಮ್ಮೋರೆ? ನಿಮ್ ಓದಿಗಷ್ಟು ಬೆಂಕಿ ಆಕ!" ಅಂದರು. ನಾನು ಚಾಪೆಯ ಮೇಲೆ ಕುಸಿದು ಕೂತೆ. ತಕ್ಷಣ ಮಾದೇವಿ ನನ್ನ ಮಿಠಾಯಿ ಡಬ್ಬಿಯಿಂದಲೇ ಒಂದು ಚೂರು ತೆಗೆದು ನನ್ನ ಬಾಯಿಗಿಟ್ಟಳು! ನಾನು ಎದ್ದರೆ ಡಬ್ಬಿ ಮುಚ್ಚುತ್ತಾಳೆ, ಕೂತರೆ ತೆರೆಯುತ್ತಾಳೆ.

ಚಟ್ನಿಪುಡಿ ಮುಗಿದಿದೆ, ಕಳಿಸು. ಕಾರ್ಡಿನಲ್ಲಿ ಜಾಗವಿಲ್ಲ. ಸೋಮವಾರ ಗೈಡು ಬಂದಾಗ ಚಾಪೆಯ ಮೇಲೆ ಅಲುಗಾಡದೆ ಕೂತಿರುವವಳು ನಾನೇ.

ನಿನ್ನ ತಂಗಿ,
ವಿಶಾಲಾ