ಒಲೆ ಇರುವ ಎರಡು ಗಾಡಿಗಳು

ಜಹೀರಾಬಾದ್
20 ನವೆಂಬರ್ 2011

ಚಿ. ಸೌ. ಸಾವಿತ್ರಿಗೆ,

ವಿಜಯೇಂದ್ರನ ಆಶೀರ್ವಾದಗಳು. ಮದುವೆಯಾಗಿ ಮೂವತ್ತನಾಲ್ಕು ವರ್ಷಕ್ಕೆ ನಿನಗೆ ಬರೆಯುತ್ತಿರುವ ಮೊದಲ ಪತ್ರವಿದು, ಅದೂ ಒಂದೂವರೆ ತಿಂಗಳು ತಡವಾಗಿ. ಬೈದುಕೋ. ಫೋನು ನೀನು ಎತ್ತುವುದಿಲ್ಲ. ಎತ್ತಿದ ನಿನ್ನ ತಮ್ಮ ಮುಕುಂದ, "ಅಕ್ಕ ಮಡಿಯೊಳಗ ಇದ್ದಾಳ್ರಿ ಭಾವ" ಅನ್ನುತ್ತಾನೆ. ಬೆಳಿಗ್ಗೆಯೂ ಮಡಿ, ಸಂಜೆಯೂ ಮಡಿ. ತಾಂಡೂರಿನ ನಿನ್ನ ತವರಿನಲ್ಲಿ ಇಷ್ಟು ಮಡಿ ಯಾವಾಗ ಶುರುವಾಯಿತೋ ಕಾಣೆ.

ಪ್ರತ್ಯೇಕ ರಾಜ್ಯದ ಮುಷ್ಕರ ಮುಗಿದು ಆಫೀಸು ತೆರೆದಿದೆ. ನಲವತ್ತೆರಡು ದಿನದ ಧೂಳು ಫೈಲುಗಳ ಮೇಲೆ ಕೂತಿತ್ತು. ನನಗೆ ಇನ್ನು ನಾಲ್ಕು ತಿಂಗಳ ನೌಕರಿ. ಮನೆಗೆ ಬಂದು ಸಾರು ಮಾಡಿಕೊಂಡರೆ ಉಪ್ಪು ಹೆಚ್ಚಾಗಿದೆ ಎಂದು ಹೇಳುವವರೂ ಇಲ್ಲ. ಒಬ್ಬನೇ ಇರುವುದು ನನ್ನ ಕೈಲಾಗುತ್ತಿಲ್ಲ, ಸಾವಿತ್ರಿ.

ಅದಕ್ಕೇ ನಮ್ಮ ಹಳೆಯ ಮಾತು ನೆನಪಾಯಿತು. ಹೊರಗಿನ ನೀರೂ ಮುಟ್ಟದ ನಿನ್ನನ್ನು ಕಟ್ಟಿಕೊಂಡು ನಾನು ಒಂದು ದಿನಕ್ಕಿಂತ ದೂರ ಹೋಗಲಿಲ್ಲ. "ರಿಟೈರ್ ಆದಮ್ಯಾಗ ಒಲಿ ಇರೋ ಗಾಡಿ ತಗೋರಿ, ಬದರಿತನಾ ಬರ್ತೀನಿ" ಅನ್ನುತ್ತಿದ್ದೆ ನೀನು. ಅಂಥ ಗಾಡಿ ಎರಡು ನೋಡಿದ್ದೇನೆ.

ಮೊದಲನೆಯದು ನಾರಾಯಣಖೇಡದ್ದು. ದಾಲ್ ಮಿಲ್ಲಿನ ವೈಜಿನಾಥರ ತಂದೆ ಕೊಂಡಿದ್ದ ವಿಲಾಯತಿ ವ್ಯಾನು, ನಮ್ಮ ಮದುವೆಗಿಂತ ಹಳೆಯದು. ದುಂಡು ಮುಖ, ಹಾಲುಗೆನೆ ಬಣ್ಣ, ಒಳಗೆ ಮಡಚುವ ಮಂಚ, ಪುಟ್ಟ ಒಲೆ, ಕಿಟಕಿಗೆ ಪರದೆ. "ಇದು ಗಾಡಿ ಅಲ್ರಿ ಸಾಹೇಬ್ರ, ಖಾನ್‌ದಾನ್ ಅದ" ಅಂದರು ವೈಜಿನಾಥ. ಕೇಳಿದ ಬೆಲೆಯೂ ಖಾನ್‌ದಾನಿಯದೇ. ನೋಡಿದರೆ ನಿನಗೆ ಖಂಡಿತ ಮನಸ್ಸಾಗುತ್ತದೆ. ಆದರೆ ಇಂಜಿನ್ನಿನ ಶಕ್ತಿ ಹಿಂದಿನ ಎರಡು ಗಾಲಿಗೆ ಮಾತ್ರ.

ಎರಡನೆಯದು ಇಲ್ಲೇ ಮೆಕ್ಯಾನಿಕ್ ನಾಮದೇವನ ಹತ್ತಿರ. ಮಿಲಿಟರಿ ಹರಾಜಿನ ವ್ಯಾನು, ನೋಡಲು ತಗಡಿನ ಡಬ್ಬಿ, ಬೆಲೆ ಅದರ ಅರ್ಧವೂ ಇಲ್ಲ. ಒಲೆ, ಮಂಚ ಅವನೇ ಕೂರಿಸಿಕೊಡುತ್ತಾನಂತೆ. ಶಕ್ತಿ ನಾಲ್ಕೂ ಗಾಲಿಗೆ. "ಮುಂದಿನವು ಸಿಕ್ಕರ ಹಿಂದಿನವು ದೂಕ್ತಾವ, ಹಿಂದಿನವು ಸಿಕ್ಕರ ಮುಂದಿನವು ಜಗ್ತಾವ್ರಿ" ಅಂದ. ನಂಬದೆ ಕಂಗ್ಟಿಯ ಕೆರೆಯಂಚಿಗೆ ಒಯ್ಯಿಸಿದೆ. ಎರೆಕೆಸರಿನಲ್ಲಿ ಅಚ್ಚಿನವರೆಗೆ ಹೂತದ್ದು ಗುರುಗುಟ್ಟಿಕೊಂಡು ಎದ್ದುಬಂತು. ನಾಮದೇವ ನಗುತ್ತಿದ್ದ, ನನಗೆ ಕಣ್ಣೀರು ಬಂತು.

ಆ ದಿನ ನಿನ್ನ ಜೀಪು ಇಂಥದಾಗಿದ್ದರೆ ಎಂದು ಅನಿಸಿತು. ನಾವು ಮುಷ್ಕರದವರು ತಾಂಡೂರು ರಸ್ತೆಗೆ ಹಗ್ಗ ಕಟ್ಟಿ, ನಡುರಸ್ತೆಯಲ್ಲಿ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ ಉಣ್ಣುವ ವಂಟಾವಾರ್ಪು ನಡೆಸಿದ ದಿನ. ತಾಯಿಗೆ ಜಡ್ಡು ಹೆಚ್ಚಾಯಿತೆಂದು ತವರಿಗೆ ಹೊರಟ ನಿನ್ನ ಜೀಪು ಹೊಲದ ದಾರಿ ಹಿಡಿದು, ಎರಡು ತಾಸು ಕೆಸರಿನಲ್ಲಿ ಸಿಕ್ಕಿಕೊಂಡಿತು. ನೀನು ತಲುಪುವಷ್ಟರಲ್ಲಿ ಅತ್ತೆಯವರನ್ನು ಸ್ಮಶಾನಕ್ಕೆ ಒಯ್ದುಬಿಟ್ಟಿದ್ದರು. ಹದಿಮೂರನೆಯ ದಿನ ನಾನು ಬಂದಾಗ ಬಡಿಸಿದೆ, ಆದರೆ ಮುಖ ನೋಡಲಿಲ್ಲ.

ಯಾವ ಗಾಡಿ ಎಂದು ನೀನೇ ಹೇಳಬೇಕು. ನನ್ನ ಮನಸ್ಸು ತಗಡಿನ ಡಬ್ಬಿಯ ಕಡೆ ಇದೆ. ಮಂಚ ಎಷ್ಟು ಅಗಲ ಬೇಕೆಂದು ನಾಮದೇವ ದಿನಾ ಕೇಳುತ್ತಾನೆ. ನಿನ್ನನ್ನು ಅವನು ಬಾಯಿಯವರು ಅನ್ನುತ್ತಾನೆ; "ನಿಮ್ಮ ಬಾಯಿಯವರೇ ಹೇಳಲಿ" ಎಂದು ತಡೆದಿದ್ದೇನೆ.

ಮುಕುಂದನಿಗೂ ಮಕ್ಕಳಿಗೂ ಆಶೀರ್ವಾದ. ರಾಯರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ವಿಜಯೇಂದ್ರ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಆಗಲಿಲ್ಲ. ಹಗ್ಗದಾಚೆ ನಿಂತ ಜೀಪಿನಲ್ಲಿ ನೀನಿದ್ದದ್ದು ಗೊತ್ತೇ ಇರಲಿಲ್ಲ ಎಂದು ನಿಮ್ಮೆಲ್ಲರಿಗೂ ಹೇಳಿದ್ದೆ. ಗೊತ್ತಿತ್ತು. ನಮ್ಮ ಆಫೀಸಿನ ಭೀಮಮ್ಮ ಓಡಿ ಬಂದು, "ಬಾಯಿಯವರು ಅದಾರ್ರಿ, ಅಳ್ಳಾಕತ್ತಾರ. ಹಗ್ಗ ಬಿಚ್ಚಲೇನ್ರಿ?" ಅಂದಳು. ಹಿಂದಿನ ದಿನವಷ್ಟೇ ನಾನು ಮೈಕಿನಲ್ಲಿ, ನನ್ನ ಮನೆಯವರೇ ಬಂದರೂ ಬಿಡುವುದಿಲ್ಲ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಅತ್ತೆಯವರಿಗೆ ಹಿಂದೆಯೂ ಎರಡು ಸಲ ಹೀಗೇ ಆಗಿ ಚೇತರಿಸಿಕೊಂಡಿದ್ದರಲ್ಲ ಎಂದುಕೊಂಡೆ. "ಬಿಚ್ಚಬ್ಯಾಡ" ಎಂದೆ. ನೀನು ಹಿಂದಿನ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದೆ. ನಾನು ಬಗ್ಗಿ ಒಲೆ ಊದಿದೆ.