ಹತ್ತು ಮೆಟ್ಟಿಲು ಹಿಂದೆ

ಗುರುವಾರ, ಹನ್ನೆರಡನೇ ತಾರೀಖು.

ಬಂಡೆ ಮೇಲಿನ ಹಳೇ ಕೋಟೆಯನ್ನು ಆನ್‌ಲೈನ್ ನಕ್ಷೆಗೆ ಸೇರಿಸಲು ಕ್ಯಾಮೆರಾ ಬೆನ್ನಿಗೇರಿಸಿಕೊಂಡು ಎಂಟುನೂರ ಹನ್ನೆರಡು ಮೆಟ್ಟಿಲು ಹತ್ತಿದ್ದೆ. ಇವತ್ತು ಆಫೀಸಿನವರು ಎಲ್ಲಾ ಫೋಟೋ ವಾಪಸ್ ಕಳಿಸಿದರು. ಎಲ್ಲಿ ನೋಡಿದರೂ ಒಬ್ಬರೇ ಹೆಂಗಸು ಕಾಣುತ್ತಾರೆ, ಮತ್ತೆ ತೆಗೆಯಿರಿ ಅಂತ.

ನೋಡಿದರೆ ನಮ್ಮವಳು! ಕೆಳಗೇ ಕೂತಿರ್ತೀನಿ ಅಂದವಳು, ನೀರಿನ ಬಾಟಲಿ ಹಿಡಿದು ಹತ್ತು ಮೆಟ್ಟಿಲು ಹಿಂದೆಯೇ ಬಂದಿದ್ದಾಳೆ. ಕ್ಯಾಮೆರಾಕ್ಕೆ ಸುತ್ತಲೂ ಕಣ್ಣು, ನನಗೆ ಮುಂದೆ ಮಾತ್ರ. ಕೂತು ಎಣಿಸಿದೆ. ಆರುನೂರ ನಲವತ್ತು ಫೋಟೋಗಳಲ್ಲಿ ಆರುನೂರ ಹನ್ನೊಂದರಲ್ಲಿ ಇದ್ದಾಳೆ. ಉಳಿದ ಇಪ್ಪತ್ತೊಂಬತ್ತರ ಹೊತ್ತಿಗೆ ಎಲ್ಲೋ ಮರೆಯಲ್ಲಿ ಕೂತು ಸುಧಾರಿಸಿಕೊಂಡಿರಬೇಕು.

"ಏನೇ ಇದು, ಪತ್ತೇದಾರಿಕೆ?"

"ಹೋದ ತಿಂಗಳು ತಲೆ ತಿರುಗಿ ಬಿದ್ದೋರು ಯಾರು, ನಾನಾ? ಬರ್ತೀನಿ ಅಂದಿದ್ರೆ ಬಿಡ್ತಿದ್ರಾ?"

ಬಾಯಿ ಬಲದಿಂದಲೇ ಬದುಕಿದವನು ನಾನು. ಆದರೂ ಆ ಫೋಟೋಗಳನ್ನೇ ಮತ್ತೆ ಮೊದಲಿಂದ ನೋಡುತ್ತ ಕೂತೆ.

ಶನಿವಾರ ಮತ್ತೆ ಹತ್ತಬೇಕು. ಬರಬೇಡ ಅಂದರೆ ಕೇಳುವ ಪೈಕಿ ಅಲ್ಲ. ಕ್ಯಾಮೆರಾಕ್ಕೆ ಕಾಣದ ಜಾಗ ಒಂದೇ, ಹೊತ್ತವನ ಮೈಗಂಟಿದ ಒಂದು ಗೇಣು. ಅಲ್ಲೇ ನಡಿ ಅಂದೆ.

"ಇಪ್ಪತ್ತಾರು ವರ್ಷ ಆದ್ಮೇಲೆ ಜೊತೇಲಿ ನಡೆಸ್ತೀರಾ?"

"ಕೆಲಸದ ನಿಯಮ ಕಣೇ."

ನಂಬಲಿಲ್ಲ, ನಕ್ಕಳು. ಈಗ ಅಲ್ಲಿ ನನ್ನ ಹಳೇ ಬೂಟಿಗೆ ಹತ್ತಿ ತುರುಕಿ ಕಾಲಿಟ್ಟು ನೋಡ್ತಿದ್ದಾಳೆ.