ಸೀಟಿನಡಿಯ ಸೀಸ

ಕುಂದಾಣ
2-10-2025, ವಿಜಯದಶಮಿ ಮಧ್ಯಾಹ್ನ

ಪ್ರೀತಿಯ ಭಾನು,

ನಿಮ್ಮಮ್ಮನ ಕಾಲು ಹೇಗಿದೆ? ಕಟ್ಟು ಬಿಚ್ಚಿದರಾ? ಎತ್ತಿ ಕೂರಿಸಿ ನಿನ್ನ ಸೊಂಟವೂ ಹಿಡ್ಕೊಂಡಿರುತ್ತೆ, ಹೇಳೋದಿಲ್ಲ ನೀನು. ಇಲ್ಲಿ ನಾವು ಮೂವರೂ ಸೌಖ್ಯ, ಒಬ್ಬರಿಗೊಬ್ಬರು ಮಾತಾಡ್ತಿಲ್ಲ ಅನ್ನೋದೊಂದು ಬಿಟ್ಟರೆ. ಫೋನ್ ಬಿಟ್ಟು ಕಾಗದ ಯಾಕೆ ಅಂತೀಯಾ? ನೀನು ಸ್ಪೀಕರ್ ಹಾಕ್ತೀಯ, ನಿಮ್ಮಮ್ಮ ಮಂಚದಿಂದಲೇ ಕೇಳಿಸ್ಕೋತಾರೆ. ಮೊಮ್ಮಗಳು ಇಂಜಿನ್ ಇಲ್ಲದ ವಿಮಾನದಲ್ಲಿ ಒಬ್ಬಳೇ ಹಾರ್ತಾಳಂತೆ ಅಂತ ಅವರ ಕಿವಿಗೆ ಬಿದ್ದರೆ ಇನ್ನೊಂದು ಕಾಲಿಗೂ ಕಟ್ಟು ಹಾಕಿಸಬೇಕಾದೀತು.

ಹೌದು, ನಮ್ಮ ನವ್ಯಶ್ರೀ ಗ್ಲೈಡರ್‌ನಲ್ಲಿ ಮೊದಲ ಸಲ ಒಬ್ಬಳೇ ಹಾರಬೇಕಿದ್ದದ್ದು ಇವತ್ತು ಬೆಳಿಗ್ಗೆ. ಮುಂದಿನ ಸೀಟಿನಲ್ಲಿ ಕೂರೋರು ಕನಿಷ್ಠ ಐವತ್ತೈದು ಕಿಲೋ ಇರಬೇಕು. ನಮ್ಮ ಮಹಾರಾಣಿ ನಲವತ್ತಾರು. ಅದಕ್ಕೇ ಹರಿಪ್ರಸಾದ್ ಸರ್ ಮೊದಲಿಂದಲೂ ಅವಳ ಸೀಟಿನಡಿ ಸೀಸದ ತಟ್ಟೆಗಳನ್ನು ಬೋಲ್ಟು ಹಾಕಿ ಬಿಗಿಸಿ ಕಲಿಸಿದಾರೆ. ಅವು ಬೇರೆ ಯಾರಿಗೂ ಬೇಕಿಲ್ಲವಲ್ಲ, ನಿನ್ನೆ ಆಯುಧಪೂಜೆಗೆ ಮನೆಗೆ ತಂದಳು. ನನ್ನ ಪಂಪ್‌ಸೆಟ್ಟಿನ ಸ್ಪ್ಯಾನರು, ನಮ್ಮಮ್ಮನ ಕುಡುಗೋಲು, ಪಕ್ಕದಲ್ಲಿ ಸೀಸ. ಎಲ್ಲಕ್ಕೂ ಕುಂಕುಮ ಇಟ್ಟು ಕೈಮುಗಿದ ಮೇಲೆ ಅಮ್ಮ ಕೇಳಿದಳು, "ಇದು ಯಾತಕ್ಕಮ್ಮಾ?" ಇವಳು ಹೆಮ್ಮೆಯಿಂದ ಹೇಳಿದಳು. ಬೆಳಿಗ್ಗೆ ಎದ್ದು ನೋಡಿದರೆ ಕುಡುಗೋಲಿದೆ, ಸ್ಪ್ಯಾನರಿದೆ, ಸೀಸ ಮಾಯ!

ಅಮ್ಮನೇ ಬಚ್ಚಿಟ್ಟಿದಾಳೆ, ಇಲ್ಲ ಅಂತಲೂ ಅನ್ನಲ್ಲ. "ಬಾವಿಗೆ ಬೀಳೋರು ಕಣೋ ಮೈಗೆ ಭಾರ ಕಟ್ಕೊಳ್ಳೋದು. ಹಾರೋ ಮಗೀಗೆ ಯಾವನಾದ್ರೂ ಕಟ್ತಾನೇನ್ಲಾ?" ಅಂತಾಳೆ. ಅದಕ್ಕೆ ಏನು ಹೇಳ್ತೀಯ ಹೇಳು. ನಾನೂ ಬಿಡದೆ ವಿಮಾನಶಾಸ್ತ್ರ ಬೋಧಿಸಿದೆ: ಎತ್ತಿನ ಗಾಡಿ ಹಿಂಭಾರ ಆದರೆ ಮುಂದಿನ ಮೂಕಿ ಮೇಲೇಳುತ್ತಲ್ಲ, ಹಂಗೇ ಇದೂ, ಮುಂದೆ ಭಾರ ಸಾಲದಿದ್ದರೆ ಮೂತಿ ಎತ್ತಿ ಹಿಡಿತಕ್ಕೆ ಸಿಗಲ್ಲ ಅಂತ. ಗಾಡಿ ಹೊಡೆದ ಕೈ, ತಕ್ಷಣ ತಲೆಯಾಡಿಸಿದಳು. ಗೆದ್ದೆ ಅಂದ್ಕೊಂಡೆ. "ಹಂಗಾದ್ರೆ ಸೀಸ ಯಾಕೆ? ನಾನೇ ಮುಂದೆ ಕೂತ್ಕೋತೀನಿ" ಅಂದಳು!

ನವ್ಯ ಬರಿಗೈಲಿ ಗ್ಲೈಡರ್ ಮೈದಾನಕ್ಕೆ ಹೋಗಿ ಅತ್ಕೊಂಡು ಬಂದಳು. ಸೀಸ ಇಲ್ಲದೆ ನೆಲ ಬಿಡಿಸಲ್ಲ ಅಂದರಂತೆ ಸರ್. ನಾಳೆ ಬೆಳಿಗ್ಗೆ ಕಡೇ ಅವಕಾಶ, ಆಮೇಲೆ ಗ್ಲೈಡರ್ ತಪಾಸಣೆಗೆ ಹೋದರೆ ವಾಪಸ್ ಬರೋದು ಯಾವಾಗಲೋ. ಅವಳು ಬಾಗಿಲು ಹಾಕ್ಕೊಂಡಿದಾಳೆ, ಅಮ್ಮ ಗೋಡೆ ಕಡೆ ತಿರುಗಿ ಮಲಗಿದಾಳೆ. ಒಬ್ಬಟ್ಟು ಹಾಗೇ ಇದೆ. ಮನೆ ಯಜಮಾನ ಅನ್ನಿಸಿಕೊಂಡ ನಾನು ಒಂದು ಸಲ ಬಾಗಿಲು ತಟ್ಟಿ, ಒಂದು ಸಲ ಕೆಮ್ಮಿ, ಜಗುಲಿಗೆ ಬಂದು ಕೂತಿದೀನಿ.

ನಿಮ್ಮಮ್ಮನಿಗೆ ನಮಸ್ಕಾರ ತಿಳಿಸು. ಕಾಗದ ಮಾತ್ರ ತೋರಿಸಬೇಡ.

ನಿನ್ನ
ಮುನಿರಾಜ್

ತಾ.ಕ.: ಅಮ್ಮ ಸೀಸ ಕೊಟ್ಟಳು! ಈಗಷ್ಟೇ ಕೋಳಿಗೂಡಿಂದ ತಂದು ನನ್ನ ಮುಂದೆ ಇಟ್ಟಳು. ಒಂದೇ ಷರತ್ತು, ಬೋಲ್ಟು ನಾನೇ ಬಿಗಿಸಬೇಕಂತೆ. "ಹೆತ್ತೋನೇ ಕಟ್ಲಿ, ಆಮೇಲೆ ಯಾರನ್ನೂ ದೂರಂಗಿರಲ್ಲ." ಫೋನ್ ಮಾಡಿ ಕೇಳಿದೆ, ಪಕ್ಕದಲ್ಲಿ ನಿಂತು ನೋಡ್ತೀನಿ, ಬಿಗಿಸಿ ಅಂದರು ಸರ್. ನವ್ಯ ಒಬ್ಬಟ್ಟು ತಿಂತಿದಾಳೆ. ಈ ಕಾಗದ ನಿನ್ನ ಕೈ ಸೇರೋ ಹೊತ್ತಿಗೆ ಎಲ್ಲ ಆಗಿಹೋಗಿರುತ್ತೆ. ನೀನಿಲ್ಲಿ ಇದ್ದಿದ್ದರೆ ಸ್ಪ್ಯಾನರ್ ನಿನ್ನ ಕೈಗೆ ಕೊಟ್ಟು ನಾನು ಆಚೆ ನಿಂತ್ಕೋತಿದ್ದೆ ಕಣೇ.